ಕವಲಿನಲ್ಲಿ ನಿಂತ ನೀರುಗಂಟಿ

“ಗುರುಗಳೇ, ಇನ್ನೊಂದು ವರ್ಷ ಸಾಧನೆ ಮಾಡಿ, ಎದೆ ಗಟ್ಟಿಯಾದ ಮೇಲೆ ನಿಜ ಹೇಳಿದರೆ ಆಗದೇ?”

ಹೀಗೆ ಕೇಳಿದವನು ಹಾಲಪ್ಪ. ಊರ ಛತ್ರದಲ್ಲಿ ಅವನಿಗೆ ಕೆಲಸ. ಛತ್ರದ ಉಗ್ರಾಣದಿಂದ ತುಪ್ಪದ ಗಡಿಗೆಗಳು ಕಾಣೆಯಾಗಿದ್ದವು. ಛತ್ರದ ಆಡಳಿತ ನೋಡುವ ಪಾರುಪತ್ತೇಗಾರ ಆ ಕಳವನ್ನು ಅಡುಗೆಯ ಸಿದ್ದವ್ವನ ತಲೆಗೆ ಕಟ್ಟಿದ್ದ. ಗಡಿಗೆಗಳು ಪಾರುಪತ್ತೇಗಾರನ ಗಾಡಿಯಲ್ಲೇ ಹೋದದ್ದನ್ನು ಹಾಲಪ್ಪ ಕಣ್ಣಾರೆ ಕಂಡಿದ್ದ. ಕಂಡವನು ಅವನೊಬ್ಬನೇ. ನಾಳೆ ಬೆಳಿಗ್ಗೆ ಊರ ಸಭೆ. ಅವನು ಬಾಯಿ ಬಿಡದಿದ್ದರೆ ಸಿದ್ದವ್ವನನ್ನು ಕಳ್ಳಿ ಎಂದು ಹೊರಗೆ ಹಾಕುತ್ತಾರೆ.

“ಮೂರು ವರ್ಷದಿಂದ ನೀವು ಹೇಳಿದ್ದೆಲ್ಲ ಮಾಡಿದ್ದೇನೆ,” ಎಂದ ಹಾಲಪ್ಪ. “ತಣ್ಣೀರಲ್ಲಿ ಮೀಯುತ್ತೇನೆ. ಹಸಿವು ತಡೆಯುತ್ತೇನೆ. ಸಂಜೆ ಕೂತು ಆ ದಿನದ ತಪ್ಪುಗಳನ್ನು ನೆನೆಯುತ್ತೇನೆ. ಆದರೂ ಆ ಮನುಷ್ಯನ ಮುಖ ನೆನಪಾದರೆ ಕೈಕಾಲು ನಡುಗುತ್ತದೆ. ನನ್ನ ಸಾಧನೆ ಇನ್ನೂ ಮಾಗಿಲ್ಲ.”

ಗುರುಗಳಿಗೆ ರೇಗಿತು. “ಮಾಗುವುದಕ್ಕೆ ಅದೇನು ಹಲಸಿನ ಹಣ್ಣೇನಯ್ಯ? ಕೂತುಕೋ,” ಎಂದು ಕತೆ ಶುರುಮಾಡಿದರು.

ಒಂದು ಊರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಕೆರೆಯ ನೀರನ್ನು ಸರದಿಯಂತೆ ಗದ್ದೆಗಳಿಗೆ ಹಂಚುವುದು ಅವನ ಕೆಲಸ. ಕಾಲುವೆ ಎರಡಾಗುವ ಕವಲಿನಲ್ಲಿ ಮಣ್ಣಿನ ಒಡ್ಡು ಹಾಕಿ, ಒಂದು ದಿನ ಈ ಕಡೆ, ಇನ್ನೊಂದು ದಿನ ಆ ಕಡೆ ನೀರು ತಿರುಗಿಸುವವನು ಅವನೇ. ಆ ಒಡ್ಡಿಗೆ ಅವನ ಗುದ್ದಲಿ ಬಿಟ್ಟು ಬೇರೆ ಗುದ್ದಲಿ ತಾಗುವಂತಿರಲಿಲ್ಲ. ಪಟೇಲನದಾದರೂ ಅಷ್ಟೇ. ತಾಗಿದರೆ ಕೆರೆ ಮುನಿಯುತ್ತದೆ ಎಂದು ಊರಿನ ನಂಬಿಕೆ.

ಈ ನೀರುಗಂಟಿಗೆ ಒಂದು ಹುಚ್ಚು. ತನ್ನಿಂದ ಯಾರಾದರೂ ಏನೇನು ಕಿತ್ತುಕೊಳ್ಳಬಹುದೋ ಅದನ್ನೆಲ್ಲ ತಾನೇ ಮೊದಲು ಬಿಟ್ಟು ನೋಡುವುದು. ಸೋಮವಾರ ಉಪ್ಪಿಲ್ಲದ ಮುದ್ದೆ. ಗುರುವಾರ ಒಲೆ ಹಚ್ಚುವಂತಿಲ್ಲ, ಹಿಂದಿನ ದಿನದ ತಂಗಳೇ ಗತಿ. ಶನಿವಾರ ಯಾರೊಂದಿಗೂ ಮಾತಿಲ್ಲ. ಮಾಗಿಯ ಚಳಿಯಲ್ಲಿ ಕಂಬಳಿ ಮಡಿಸಿಟ್ಟು ಬರಿಮೈಯಲ್ಲಿ ಕೆರೆ ಏರಿಯ ಮೇಲೆ ಕೂರುತ್ತಿದ್ದ. ಊರವರು ನಕ್ಕರು. ಹೆಂಡತಿಯಂತೂ, “ನಿನ್ನ ಸಾಧನೆಗೆ ಬೆಂಕಿ ಹಾಕ! ನನ್ನ ಉಪ್ಪಿನ ಮರಿಗೆಯನ್ನು ಯಾಕೆ ಅಟ್ಟಕ್ಕೇರಿಸುತ್ತೀಯ?” ಎಂದು ಬೈಯುತ್ತಲೇ ಜೊತೆಗೆ ಕೂತು ಉಂಡಳು. ಹನ್ನೆರಡು ವರ್ಷ ಅವನು ಒಂದು ವಾರವೂ ತಪ್ಪಿಸಲಿಲ್ಲ. ಇಷ್ಟು ಮಾಡಿದ ಮೇಲೆ ಹೆದರಿಕೆ ಎಂಬುದು ನನ್ನ ಹತ್ತಿರ ಸುಳಿಯಲಾರದು ಎಂದುಕೊಂಡಿದ್ದ. ಪಾಪ, ಅಲ್ಲೇ ಅವನು ಎಡವಿದ್ದು.

ಒಂದು ಬೇಸಗೆ ಕೆರೆಯ ನೀರು ತಳ ಹಿಡಿಯಿತು. ಬಲಗಡೆಯ ಕಾಲುವೆಯ ಕೊನೆಯಲ್ಲಿ ಒಬ್ಬ ಮುದುಕಿಯ ಗದ್ದೆ. ಅವಳಿಗೆ ಇದ್ದದ್ದು ಅದೊಂದೇ. ಭತ್ತ ಹಾಲು ತುಂಬುವ ಹೊತ್ತು. ಇನ್ನೊಂದು ನೀರು ಕಂಡರೆ ಕಾಳು. ಇಲ್ಲವಾದರೆ ಗದ್ದೆಗೆ ಗದ್ದೆಯೇ ಜೊಳ್ಳು. ಅಂದು ಅವಳ ಸರದಿ. ಎಡಗಡೆ ಪಟೇಲನ ಕಬ್ಬು. ಕಬ್ಬು ಮಳೆ ಬರುವ ತನಕ ತಡೆಯುತ್ತಿತ್ತು. ಪಟೇಲನ ಮನಸ್ಸು ತಡೆಯಲಿಲ್ಲ. ಬೆಳಿಗ್ಗೆಯೇ ನಾಲ್ಕು ಆಳುಗಳನ್ನು ಕಟ್ಟಿಕೊಂಡು ಕವಲಿಗೆ ಬಂದ.

“ನೀರು ಎಡಕ್ಕೆ ತಿರುಗಿಸು,” ಎಂದ.

“ಹೊತ್ತು ಮುಳುಗುವ ತನಕ ಅಜ್ಜಿಯ ಸರದಿ, ಪಟೇಲರೇ.”

“ಹಾಗಾದರೆ ಕೇಳಿಸಿಕೋ. ನಾಳೆಯಿಂದ ನೀನು ನೀರುಗಂಟಿಯಲ್ಲ. ಈ ಊರಲ್ಲಿ ಯಾರೂ ನಿನ್ನ ಮನೆಗೆ ಬೆಂಕಿ ಕೊಡುವುದಿಲ್ಲ, ಉಪ್ಪು ಕೊಡುವುದಿಲ್ಲ. ನಿನ್ನನ್ನು ಯಾರೂ ಮಾತಾಡಿಸುವುದೂ ಇಲ್ಲ.”

ಬೆಂಕಿ, ಉಪ್ಪು, ಮಾತು. ಹನ್ನೆರಡು ವರ್ಷ ಬಿಟ್ಟು ನೋಡಿದ್ದು ಇವನ್ನೇ ಅಲ್ಲವೇ? ಅವನು ನಗಬೇಕಿತ್ತು. ಆದರೆ ಕಾಲು ನಡುಗಲು ಹಿಡಿಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದನಲ್ಲ, ಸುತ್ತಲಿನ ನೀರೂ ಅಲುಗಿತು. ಆಳುಗಳು ಅದನ್ನು ಕಂಡು ಕಿಸಕ್ಕನೆ ನಕ್ಕರು. ನೀರುಗಂಟಿಗೆ ನಾಚಿಕೆಯಿಂದ ಜೀವವೇ ಹೋದಂತಾಯಿತು. ಅಯ್ಯೋ, ತಿಂದ ಸಪ್ಪೆ ಮುದ್ದೆಯೆಲ್ಲ ದಂಡವಾಯಿತಲ್ಲ! ನಾನಿನ್ನೂ ಮಾಗಿಲ್ಲ. ಈ ಸಲ ತಗ್ಗೋಣ. ಇನ್ನಷ್ಟು ಸಾಧನೆ ಮಾಡಿ ಮುಂದಿನ ಬೇಸಗೆಗೆ ಇವನಿಗೆ ಎದುರು ನಿಲ್ಲೋಣ. ಹೀಗೆಂದುಕೊಂಡು ಗುದ್ದಲಿ ಎತ್ತಿ ಒಡ್ಡಿನಿಂದ ಒಂದು ಹೆಂಟೆ ಮಣ್ಣು ತೆಗೆದೂಬಿಟ್ಟ.

ನೀರು ಎಡಕ್ಕೆ ಜಿನುಗಿತು. ಪಟೇಲ ಮೀಸೆ ತಿರುವಿದ.

ನೀರುಗಂಟಿ ಆ ಜಿನುಗುವ ನೀರನ್ನೇ ನೋಡಿದ. ಮುಂದಿನ ಬೇಸಗೆಗೆ ಈ ಭತ್ತ ಇರುವುದಿಲ್ಲ. ಮುದುಕಿ ಇರುತ್ತಾಳೋ ಇಲ್ಲವೋ. ಆಮೇಲೆ ತನ್ನ ಕೈ ನೋಡಿಕೊಂಡ. ಕಾಲು ಅವನ ಮಾತು ಕೇಳುತ್ತಿರಲಿಲ್ಲ, ನಿಜ. ಎದೆಯೂ ಕೇಳುತ್ತಿರಲಿಲ್ಲ. ಆದರೆ ಈ ಕೈ, ತೆಗೆ ಎಂದರೆ ತೆಗೆದಿತ್ತು. ಹಾಕು ಎಂದರೆ ಹಾಕುವುದಿಲ್ಲವೇ?

ತೆಗೆದ ಹೆಂಟೆಯನ್ನು ಮತ್ತೆ ಅಲ್ಲೇ ಇಟ್ಟ. ಅದರ ಮೇಲೆ ಇನ್ನೆರಡು ಇಟ್ಟ. ಆ ನಡುಗುವ ಕಾಲಿನಿಂದಲೇ ತುಳಿದು ಗಟ್ಟಿ ಮಾಡಿದ.

“ಪಟೇಲರೇ, ನನ್ನ ಕಾಲು ನಡುಗುತ್ತಿದೆ,” ಎಂದ. “ಚೆನ್ನಾಗಿ ನೋಡಿಕೊಳ್ಳಿ. ಬೇಕಾದರೆ ಊರನ್ನೇ ಕರೆದು ತೋರಿಸಿ. ನೀರು ಮಾತ್ರ ಎಡಕ್ಕೆ ಬರುವುದಿಲ್ಲ!”

ಪಟೇಲ ಕೂಗಾಡಿದ. ಮನೆಗೆ ಹೋಗಿ ಊಟ ಮುಗಿಸಿ ಬಂದು ಇನ್ನೊಮ್ಮೆ ಕೂಗಾಡಿದ. ನೀರುಗಂಟಿ ಗುದ್ದಲಿ ಊರಿಕೊಂಡು ಹೊತ್ತು ಮುಳುಗುವ ತನಕ ಅಲ್ಲೇ ನಿಂತ. ಮುದುಕಿಯ ಗದ್ದೆಯ ಬದುವಿನ ತನಕ ನೀರು ನಿಂತ ಮೇಲೆಯೇ ಮೇಲೆ ಹತ್ತಿದ್ದು.

ಮರುದಿನ ಪಟೇಲ ಹೇಳಿದಂತೆಯೇ ಮಾಡಿದ. ಕೆಲಸ ಹೋಯಿತು. ಬೆಂಕಿ ನಿಂತಿತು, ಉಪ್ಪು ನಿಂತಿತು, ಎದುರು ಸಿಕ್ಕವರು ಮುಖ ತಿರುಗಿಸಿದರು. ಹೆಂಡತಿ ಬರಿದಾದ ಉಪ್ಪಿನ ಮರಿಗೆಯನ್ನು ಈ ಸಲ ತಾನೇ ಅಟ್ಟಕ್ಕೇರಿಸಿದಳು. “ವಾರವೆಲ್ಲ ಸೋಮವಾರವೇ ಅಂದುಕೊಂಡರಾಯಿತು. ಬಾ, ಉಣ್ಣು,” ಎಂದಳು. ಅಂದು ಅವಳು ಬೈಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹಾಲಪ್ಪ ತನ್ನ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಕೊನೆಗೆ ತಡೆಯಲಾರದೆ ಕೇಳಿದ: “ಗುರುಗಳೇ, ಆಮೇಲಾದರೂ ಅವನ ಕಾಲಿನ ನಡುಕ ಹೋಯಿತೇ?”

“ಅದು ನನಗೆ ಗೊತ್ತಿಲ್ಲ, ಆ ವರ್ಷ ಮುದುಕಿಯ ಮನೆಯಲ್ಲಿ ಹೊಸ ಅಕ್ಕಿಯ ಅನ್ನ ಬೆಂದದ್ದು ಗೊತ್ತು.”