ಕೆಂಚವ್ವ ಬಿಟ್ಟುಕೊಟ್ಟ ಮೂರು ಕೋಟೆ

ಒಂದಾನೊಂದು ಕಾಲದಲ್ಲಿ, ಗುಡ್ಡಕ್ಕೊಂದು ಕೋಟೆ ಇದ್ದ ಕಾಲದಲ್ಲಿ, ಹದ್ದಿನಗುಡ್ಡ, ನವಿಲುಗುಡ್ಡ, ಕರಡಿಗುಡ್ಡ ಅಂತ ಸಾಲಾಗಿ ಮೂರು ಕೋಟೆ ಇದ್ವಂತೆ ಕೂಸೇ. ಮೂರಕ್ಕೂ ಚಿತ್ತಪ್ಪನಾಯಕನೇ ಒಡೆಯ. ಕೆಳಸೀಮೆ ದೊರೆಗೆ ಆ ನೆಲದ ಮೇಲೆ ಕಣ್ಣು. ವರ್ಷಗಟ್ಟಲೆ ಯುದ್ಧ ನಡೀತಾನೇ ಇತ್ತಂತೆ, ರೈತರು ಸೊಂಟಕ್ಕೆ ಕತ್ತಿ ಕಟ್ಕೊಂಡೇ ಬಿತ್ತೋರಂತೆ. ಕೊನೆಗೆ ನಾಯಕನೂ ಕಾದಾಡ್ತಾ ಸತ್ತ. ಗಂಡುಮಕ್ಕಳಿಲ್ಲ, ಮಗಳು ಕೆಂಚವ್ವನೇ ಪಟ್ಟಕ್ಕೆ ಕೂತ್ಲಂತೆ. ಅಪ್ಪನ ಸೂತಕ ಕಳೆಯೋದ್ರೊಳಗೇ ದೊರೆ ಇರುವೆ ಸಾಲಿನ ಹಂಗೆ ದಂಡು ತಗೊಂಡು ಹೊರಟ.

ಇವಳ ಹತ್ರ ಇದ್ದಿದ್ದು ಹಿಡಿಯಷ್ಟು ಜನ. ಮೂರು ಕಡೆ ಹಂಚಿದ್ರೆ ಮೂರು ಕಡೆನೂ ಸಾಯ್ತಾರೆ ಅಂತ ಅವಳಿಗೆ ಗೊತ್ತಾಯ್ತಂತೆ. ಆಮೇಲೆ ದಳವಾಯಿ ಸೂರಪ್ಪನ್ನ ಕರೆಸಿದ್ಲು, ಅವನು ಅವಳ ಸೋದರಮಾವನೂ ಹೌದು, ಸೈನ್ಯ ನಡೆಸಿ ನಡೆಸಿ ಮೀಸೆ ಹಣ್ಣಾದವನು. ಹದ್ದಿನಗುಡ್ಡ ಬಿಟ್ಟುಬಿಡೋಣ, ಜನ, ದನ, ಕಾಳು ಎಲ್ಲ ಕಾಡಿಗೆ ಸಾಗಿಸು, ಬಾವಿ ಹಗ್ಗನೂ ಉಳಿಸಬೇಡ ಅಂದ್ಲಂತೆ. ಸೂರಪ್ಪ ಕೆಂಡ ಆದ.

"ನಿಮ್ಮಪ್ಪ ಗೇಣು ನೆಲ ಬಿಟ್ಟವನಲ್ಲ ತಾಯಿ."

"ನೆಲ ಎಲ್ಲಿಗೂ ಓಡಿಹೋಗಲ್ಲ ಮಾವ. ಸತ್ತ ಜನ ತಿರುಗಿ ಬರಲ್ಲ."

ದೊರೆ ಬಂದ, ಬರಿದಾದ ಕೋಟೆ ಹಿಡಿದ, ಕಹಳೆ ಊದಿಸಿದ. ಹಿಡಿದಿದ್ದನ್ನ ಕಾಯೋರು ಬೇಕಲ್ಲ? ಒಂದಷ್ಟು ಜನರನ್ನ ಅಲ್ಲಿಟ್ಟು ಮುಂದೆ ಹೋದ. ನವಿಲುಗುಡ್ಡದಲ್ಲೂ ಹಂಗೇ ಆಯ್ತಂತೆ. ಆಮೇಲೆ ಕರಡಿಗುಡ್ಡ. ಅದು ಕೆಂಚವ್ವ ಹುಟ್ಟಿದ ಕೋಟೆ, ಅಪ್ಪನ್ನ ಮಣ್ಣು ಮಾಡಿದ ಜಾಗ. ಹೆಂಗಸರು ಅಳ್ತಿದ್ರು, ಮುದುಕರು ಶಾಪ ಹಾಕ್ತಿದ್ರಂತೆ. ಅವಳು ಅಪ್ಪನ ಸಮಾಧಿ ಮೇಲೆ ಕೈಯಿಟ್ಟು, ಬರ್ತೀನಿ ಅಂದು ಹಿಂದಿನ ಬಾಗಿಲಿಂದ ಇಳಿದು ಹೋದ್ಲಂತೆ.

ದೊರೆ ಆ ಕೋಟೇನೂ ಹಿಡಿದು ತಾನು ಅಲ್ಲೇ ಕೂತ. ಈಗ ಅವನ ದಂಡು ಹರಿದ ಕಂಬಳಿ ಹಂಗೆ ಮೂರು ತುಂಡು. ಅವರಿಗೆಲ್ಲ ಕಾಳಿನ ಗಾಡಿ ಬರೋಕೆ ಇದ್ದಿದ್ದು ಒಂದೇ ಕಣಿವೆ. ಕೆಂಚವ್ವ ತನ್ನ ಜನರನ್ನೆಲ್ಲ ಒಟ್ಟುಗೂಡಿಸ್ಕೊಂಡು ಆ ಕಣಿವೆ ಹಿಡಿದ್ಲಂತೆ. ಬಂದ ಗಾಡಿಯೆಲ್ಲ ಇವಳ ಪಾಲು. ಹದ್ದಿನಗುಡ್ಡದವರು ಹಸಿವು ತಡೀಲಾರದೆ ತಾವಾಗೇ ಬಾಗಿಲು ತೆಗೆದ್ರು. ನವಿಲುಗುಡ್ಡದವರು ಗಾಡಿ ಬಿಡಿಸ್ಕೊಳ್ಳೋಕೆ ಅಂತ ಕೆಳಗಿಳಿದು ಕಣಿವೇಲಿ ಸಿಕ್ಕಿಬಿದ್ರು. ಆಮೇಲೆ ಒಂದು ಮಟಮಟ ಮಧ್ಯಾಹ್ನ ನಗಾರಿ ಬಾರಿಸ್ಕೊಂಡು ಕರಡಿಗುಡ್ಡಕ್ಕೆ ಮುತ್ತಿಗೆ ಹಾಕಿದ್ಲಂತೆ. ದೊರೆ ಗೋಡೆ ಮೇಲಿಂದ ನೋಡ್ತಾನೆ, ಎರಡು ಗುಡ್ಡದ ಮೇಲೂ ಅವಳ ಬಾವುಟ. ಸಹಾಯಕ್ಕೆ ಬರೋರೇ ಇಲ್ಲ. ತಾನೇ ಇಳಿದು ಬಂದು ಕತ್ತಿ ಕೆಳಗಿಟ್ಟ.

ಸೂರಪ್ಪ ಇವನ ತಲೆ ತೆಗೀತೀನಿ ಅಂತ ನಿಂತ್ರೆ ಕೆಂಚವ್ವ ಬಿಡಲಿಲ್ಲವಂತೆ. ಹಸಿದ ಸೈನಿಕರಿಗೆಲ್ಲ ಅಂಬಲಿ ಕುಡಿಸಿ, ಆಯುಧ ಕಿತ್ತಿಟ್ಕೊಂಡು, ಇನ್ನು ಕಣಿವೆ ದಾಟಲ್ಲ ಅಂತ ದೊರೆಯಿಂದ ಭಾಷೆ ತಗೊಂಡು ನಡೆಸ್ಕೊಂಡೇ ಕಳಿಸಿದ್ಲಂತೆ. ಅವಳು ಕೋಟೆಗೆ ಹತ್ತೋವಾಗ ಸೂರಪ್ಪ ತನ್ನ ಪೇಟ ಬಿಚ್ಚಿ ದಾರೀಲಿ ಹಾಸಿದ. ಅವಳು ತುಳೀಲಿಲ್ಲ, ಎತ್ತಿ ಅವನ ತಲೆಗೇ ಸುತ್ತಿದ್ಲಂತೆ.

ಕಾಡಲ್ಲಿದ್ದ ಜನ ದನಕರ ಹೊಡ್ಕೊಂಡು, ತೊಟ್ಟಿಲು ಹೊತ್ಕೊಂಡು ಮನೆ ಸೇರಿದ್ರು, ಕೇರಿಕೇರೀಲೂ ಹೋಳಿಗೆ ಬೆಂದ್ವು, ಕೆಂಚವ್ವ ತಲೆ ನೆರೆಯೋವರೆಗೂ ಆಳಿದ್ಲಂತೆ. ಅವರ ದೀಪ ಅಲ್ಲಿ ಉರೀತಿರ್ಲಿ, ನಮ್ಮ ದೀಪ ಆರಿಸೋಣ. ಕತೆ ಮುಗೀತು ಕೂಸೇ.