ಕೂಗದ ಬೆಳ್ಳಕ್ಕಿಗಳು

ಕೆರೆಯ ದಡದ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಐದು ಬೆಳ್ಳಕ್ಕಿಗಳು ಆಡುತ್ತಿದ್ದವು. ಚೆಂಡು ಹಾಕುವುದರಲ್ಲಿ ಅವು ನಿಪುಣ. ಎದುರಾಳಿಯನ್ನು ತಡೆಯುವಾಗ ಮಾತ್ರ ಒಂದೊಂದೂ ತನ್ನ ಜಾಗದಲ್ಲಿ ಮೌನವಾಗಿ ನಿಲ್ಲುತ್ತಿತ್ತು. ಹೀಗೆ ಸತತ ಆರು ಪಂದ್ಯ ಸೋತಿದ್ದವು. ಏಳನೆಯದನ್ನೂ ಸೋತರೆ ತಂಡವೇ ಇರುವುದಿಲ್ಲವೆಂದು ಕಾಲೇಜು ತಿಳಿಸಿತ್ತು.

ಏಳನೆಯ ಪಂದ್ಯ ಮಂಗಗಳ ಎದುರು. ಒಂದು ಮಂಗ ಅಡ್ಡ ನಿಂತರೆ ಇನ್ನೊಂದು ಅದರ ಮರೆಯಿಂದ ನುಗ್ಗಿ ಚೆಂಡು ಹಾಕುತ್ತಿತ್ತು. ಎರಡೇ ನಿಮಿಷ ಉಳಿದು, ಮೂರು ಅಂಕ ಹಿಂದಿದ್ದಾಗ ಒಂದು ಬೆಳ್ಳಕ್ಕಿಯ ಕಾಲು ಉಳುಕಿತು. ಬೆಂಚಿನಲ್ಲಿ ಇದ್ದದ್ದು ಸದಾ ಕೂಗಾಡುವ ಟಿಟ್ಟಿಭ ಹಕ್ಕಿ ಒಂದೇ.

"ಬಾರಮ್ಮ, ಆದರೆ ಬಾಯಿ ಮುಚ್ಚಿಕೊಂಡು ಆಡು. ನಮಗೊಂದು ಮರ್ಯಾದೆಯಿದೆ," ಎಂದಿತು ನಾಯಕ ಬೆಳ್ಳಕ್ಕಿ.

"ಅದೊಂದು ಆಗದು, ನಾಯಕರೇ. ನಾನು ಬಯಲಲ್ಲಿ ಮೊಟ್ಟೆ ಇಡುವವಳು. ಒಮ್ಮೆ ನರಿ ಬಂದಾಗ ಕೂಗದೆ ಸುಮ್ಮನಿದ್ದೆ. ಆ ವರ್ಷ ನನ್ನ ಗೂಡು ಬರಿದಾಯಿತು."

ಟಿಟ್ಟಿಭ ಅಂಗಳಕ್ಕಿಳಿದದ್ದೇ ಕೂಗಿತು: "ನಾಯಕರೇ, ನಿಮ್ಮ ಬೆನ್ನ ಹಿಂದೆ ಬಂದ!"

ನಾಯಕ ಗಕ್ಕನೆ ತಿರುಗಿತು. ಮಂಗ ಎಸೆದ ಚೆಂಡು ಅದರ ರೆಕ್ಕೆಗೆ ಬಡಿದು ಹೊರಹೋಯಿತು!

"ಏನ್ರೋ, ಸಂತೆ ಹೂಡಿದ್ದೀರಾ?" ಎಂದು ಮಂಗಗಳು ಹಂಗಿಸಿದವು.

ಅಷ್ಟರಲ್ಲಿ ಒಂದು ಬೆಳ್ಳಕ್ಕಿ, "ಬಲಕ್ಕೆ ಬಂದ!" ಎಂದಿತು. ಇನ್ನೊಂದು, "ಇವನಿಗೆ ನಾನಿದ್ದೇನೆ, ನೀನು ಅವನನ್ನು ಹಿಡಿ!" ಎಂದಿತು. ಕೊನೆಗೆ ನಾಯಕನೂ ಕುತ್ತಿಗೆ ಚಾಚಿ ಅರಚತೊಡಗಿತು. ಮಂಗಗಳಿಗೆ ಆಮೇಲೆ ಒಂದು ಅಂಕವೂ ಸಿಗಲಿಲ್ಲ. ಬೆಳ್ಳಕ್ಕಿಗಳು ಎರಡು ಸಲ ಚೆಂಡು ಹಾಕಿ, ಒಂದಂಕದಿಂದ ಗೆದ್ದವು!

ಗೆದ್ದ ನಾಯಕನನ್ನು ಕಾಲೇಜಿನವರು ಎರಡು ಮಾತಾಡಲು ಕರೆದರು. ಅದು ಕೊಕ್ಕು ತೆರೆಯಿತು. ಕೂಗಿ ಕೂಗಿ ದನಿಯೇ ಬಿದ್ದುಹೋಗಿತ್ತು. ರೆಕ್ಕೆಯೆತ್ತಿ ಟಿಟ್ಟಿಭವನ್ನು ಮುಂದಕ್ಕೆ ಕರೆಯಿತು.