ಪೆಟ್ಟಿಗೆಯ ಹಿಂದಿನ ಕೈ

ಇದನ್ನು ನನಗೆ ಹೇಳಿದವನು ಹೊನ್ನೇಶನೇ. ತನ್ನ ಮಾನ ತಾನೇ ಕಳೆದುಕೊಂಡ ಕಥೆಗೆ ಯಾರೂ ಬಣ್ಣ ಹಚ್ಚುವುದಿಲ್ಲ. ಹಾಗಾಗಿ ನಾನು ನಂಬಿದೆ, ನೀವೂ ನಂಬಿ.

ಇನ್ನಾಸಪ್ಪ ಮೇಷ್ಟ್ರ ಮನೆ ಹೊಳೆಯ ದಡದಲ್ಲಿತ್ತು. ನಲವತ್ತು ವರ್ಷ ಬ್ಯಾಂಡಿನಲ್ಲಿ ದೊಡ್ಡ ಬಾಸ್ ನುಡಿಸಿದವರು. ದೊಡ್ಡ ಬಾಸ್ ಅಂದರೆ ಪಿಟೀಲಿನ ಆಕಾರದ್ದೇ, ಆದರೆ ಆಳಿಗಿಂತ ಎತ್ತರ. ನಿಂತುಕೊಂಡು, ಪಕ್ಕದಲ್ಲಿ ತಬ್ಬಿ ಹಿಡಿದು ನುಡಿಸಬೇಕು.

ಹೊನ್ನೇಶ ಅಲ್ಲಿಗೆ ಬಂದಾಗ ಅವನ ಹೆಗಲಲ್ಲಿ ಒಂದು ಬಾಸ್ ಗಿಟಾರ್, ಕೈಯಲ್ಲಿ ಒಂದು ಚೀಲ ತುಂಬ ವೈರು. ಮದುವೆ ಆರ್ಕೆಸ್ಟ್ರಾಗಳಲ್ಲಿ ಎಂಟು ವರ್ಷ ನುಡಿಸಿದ್ದ.

"ಇದು ಎಷ್ಟನೇ ಗಿಟಾರಯ್ಯಾ?" ಅಂತ ಮೇಷ್ಟ್ರು ಕೇಳಿದರು.

"ಆರನೇದು ಗುರುಗಳೇ."

"ಮೊದಲಿನ ಐದು?"

"ಮಾರಿಬಿಟ್ಟೆ. ಒಂದರ ಕತ್ತು ಸೊಟ್ಟ ಇತ್ತು. ಒಂದರಲ್ಲಿ ಅಂಗಡಿಯವನೇ ಮೋಸ ಮಾಡಿದ್ದ. ಒಂದಕ್ಕೆ ನಮ್ಮ ಡ್ರಮ್ಮರ್ ಏನೋ ಮಾಡಿದ್ದ, ಕೇಳಿದ್ರೆ ಬಾಯಿ ಬಿಡಲಿಲ್ಲ. ಇನ್ನೆರಡರ ಮೇಲೆ ಯಾಕೋ ಅನುಮಾನ ಬಂತು."

"ಸದ್ದು ದೊಡ್ಡದು ಮಾಡೋ ಆಂಪು?"

"ಮೂರು ಬದಲಾಯಿಸಿದೆ. ಒಂದನ್ನೂ ನಂಬೋ ಹಾಗಿಲ್ಲ. ನೀವೇ ಹೇಳಿ ಗುರುಗಳೇ, ಯಾವ ಬಾಸ್ ತಗೊಂಡು ಯಾವ ಆಂಪಿಗೆ ಹಾಕಿದ್ರೆ ನನ್ನ ಸದ್ದು ಸರಿಯಾಗಿ ಕೇಳುತ್ತೆ?"

ಮೇಷ್ಟ್ರು ಎದ್ದರು. ಅವನ ಗಿಟಾರನ್ನು ತೆಗೆದುಕೊಂಡು ಗೋಡೆಯ ಮೊಳೆಗೆ ತಗುಲಿಹಾಕಿದರು.

"ಇದು ಇಲ್ಲೇ ಇರಲಿ. ನಾಳೆಯಿಂದ ದೊಡ್ಡದನ್ನ ನುಡಿಸು."

ಜಗಲಿಯಲ್ಲಿ ದೊಡ್ಡ ಬಾಸ್ ಒರಗಿಕೊಂಡಿತ್ತು. ಅದರ ಹಿಂದೆ ಮೊಣಕಾಲೆತ್ತರದ ಒಂದು ಕರೀ ಆಂಪು. ಮುಂದೆ ಕೆಂಪು ದೀಪ, ನಾಲ್ಕು ಗುಂಡಿ. ಹೊನ್ನೇಶನ ಮುಖ ಅರಳಿತು. ಅವನ ಮೊದಲ ನೋಟ ಬಿದ್ದದ್ದು ಬಾಸ್ ಮೇಲಲ್ಲ, ಈ ಪೆಟ್ಟಿಗೆ ಮೇಲೆ. ಅಂಥ ಮನುಷ್ಯ ಅವನು.

"ಇದಕ್ಕೆ ವೈರ್ ಚುಚ್ಚಲಾ ಗುರುಗಳೇ?"

"ಚುಚ್ಚಬೇಕು ಅನ್ನಿಸಿದ್ರೆ ಚುಚ್ಚು. ಸೌಂಡ್ ಮಾತ್ರ ಎರಡರ ಮೇಲೆ ತಿರುಗಿಸಬೇಡ. ಈ ಮನೇಲಿ ಮರದ ಸದ್ದನ್ನ ಮೀರಿ ಇನ್ನೊಂದು ಸದ್ದು ಬರಬಾರದು."

ಅಲ್ಲಿ ಇನ್ನೊಬ್ಬಳು ಶಿಷ್ಯೆ ಇದ್ದಳು, ಲೂರ್ದು ಮೇರಿ. ಆಚೆ ದಡದ ಚರ್ಚಿನಲ್ಲಿ ಹಾಡುವವರ ಜೊತೆ ನುಡಿಸುತ್ತಿದ್ದವಳು. ಹೊನ್ನೇಶನಿಗಿಂತ ಎರಡು ವರ್ಷ ಮೊದಲೇ ಬಂದಿದ್ದಳು. ದಿನಾ ಬೆಳಿಗ್ಗೆ ಮೊದಲು ಹೊನ್ನೇಶ ನುಡಿಸಬೇಕು, ಆಮೇಲೆ ಅವಳು. ಅವಳಿಗೆ ವೈರು ಬೇಕಾಗುತ್ತಲೇ ಇರಲಿಲ್ಲ. ಅದನ್ನು ಕಿತ್ತು ಪಕ್ಕಕ್ಕಿಟ್ಟು ಬರೀ ಮರದಲ್ಲೇ ನುಡಿಸುತ್ತಿದ್ದಳು.

ಮೊದಲನೇ ವಾರವೇ ಅವಳು ಹೊನ್ನೇಶನಿಗೆ ಹೇಳಿದಳು. "ಅಣ್ಣಾ, ಆ ಪೆಟ್ಟಿಗೇಲಿ ಸ್ಪೀಕರೇ ಇಲ್ಲ. ಸುಮ್ನೆ ಯಾಕೆ ಅದಕ್ಕೆ ಒದ್ದಾಡ್ತೀರಾ?"

ಹೊನ್ನೇಶ ತಲೆಯಾಡಿಸಿದ. ಮನಸ್ಸಿನಲ್ಲಿ ಮಾತ್ರ, ಓಹೋ, ಆಟ ಶುರು ಆಯ್ತು ಅಂದುಕೊಂಡ.

ಅವಳು ಅತ್ತ ಹೋದಮೇಲೆ ಒಂದು ಗುಂಡಿಯನ್ನು ಅರ್ಧ ತಿರುಗಿಸಿ ತಂತಿ ಮೀಟಿದ. ಸದ್ದು ದಪ್ಪಗೆ ಬಂತು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಮೀಟಿದ. ಸದ್ದು ಸಣ್ಣಗಾಯಿತು. ತನ್ನ ಕಿವಿಯಲ್ಲಿ ತಾನೇ ಕೇಳಿದ. ಸ್ಪೀಕರ್ ಇಲ್ಲವಂತೆ! ಯಾರ ಕಿವಿಗೆ ಹೂ ಇಡ್ತಿದ್ದಾಳೆ ಇವಳು?

ಒಳ್ಳೆಯ ಆಂಪು ತನಗೇ ಇರಲಿ ಅಂತ ಹೀಗೆ ಹೇಳ್ತಿದ್ದಾಳೆ ಅಂತ ಅವನಿಗೆ ಖಾತ್ರಿಯಾಯಿತು. ಅವತ್ತಿನಿಂದ ಅವಳ ಮೇಲೆ ಒಂದು ಕಣ್ಣಿಟ್ಟ.

ಐದು ತಿಂಗಳು ಕಳೆದವು. ಹೊನ್ನೇಶನ ಬೆರಳಲ್ಲಿ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು. ದಿನಾ ನುಡಿಸುವ ಮೊದಲು ಕಾಲು ಗಂಟೆ ಗುಂಡಿ ತಿರುಗಿಸುತ್ತಿದ್ದ. ಮೇಷ್ಟ್ರು ಬಾಗಿಲಲ್ಲಿ ಕೂತು ನೋಡುತ್ತಿದ್ದರು.

"ಸರಿ ಹೋಯ್ತಾ?" ಅಂತ ಕೇಳುವರು.

"ಈಗ ಸ್ವಲ್ಪ ಪರವಾಗಿಲ್ಲ ಗುರುಗಳೇ."

"ಹಾಗಾದ್ರೆ ನುಡಿಸು."

ಮಳೆಗಾಲ ಮುಗಿಯುವ ಹೊತ್ತಿಗೆ ಮೇಷ್ಟ್ರ ಬಲಭುಜ ಏಳದಂತಾಯಿತು. ಅಂಗಿ ಹಾಕಿಕೊಳ್ಳುವುದಕ್ಕೂ ಕಷ್ಟಪಡುತ್ತಿದ್ದರು. ಒಂದು ದಿನ ಇಬ್ಬರನ್ನೂ ಕೂರಿಸಿಕೊಂಡರು.

"ಈ ಬಾಸ್ ನನಗೆ ನಮ್ಮ ಮೇಷ್ಟ್ರು ಕೊಟ್ಟದ್ದು. ಅವರಿಗೆ ಅವರ ಮೇಷ್ಟ್ರು. ಇದನ್ನ ಮಾರಬಾರದು, ಮನೇಲಿ ಸುಮ್ಮನೆ ನಿಲ್ಲಿಸಲೂಬಾರದು. ಭುಜ ಸೋತ ದಿನ ಶಿಷ್ಯರಲ್ಲಿ ಒಬ್ಬರ ಕೈಗೆ ಕೊಡಬೇಕು. ಬರೋ ಭಾನುವಾರ ಇಬ್ಬರೂ ನುಡಿಸಿ. ನಾನು ಹೊಳೆ ಕಡೆ ಮುಖ ಮಾಡ್ಕೊಂಡು ಕೂತ್ಕೋತೀನಿ."

ಹೊನ್ನೇಶನಿಗೆ ಆ ವಾರ ಅನ್ನ ಸೇರಲಿಲ್ಲ. ಆ ಬಾಸ್ ಬೇಕು ಅಂತ ಅವನ ಜೀವವೇ ಒದ್ದಾಡುತ್ತಿತ್ತು. ಜೀವಮಾನದಲ್ಲಿ ಅವನು ಅನುಮಾನಪಡದೆ ತಬ್ಬಿಕೊಂಡ ವಾದ್ಯ ಅದೊಂದೇ. 

ಸೋಮವಾರ ನುಡಿಸಿ ಮುಗಿಸಿ, ಹೊಳೆಯ ಮೆಟ್ಟಿಲಲ್ಲಿ ಕೈ ತೊಳೆದುಕೊಂಡು ವಾಪಸ್ಸು ಬರುತ್ತಿದ್ದ. ಲೂರ್ದು ಪೆಟ್ಟಿಗೆಯ ಹಿಂದೆ ಬಗ್ಗಿದ್ದಳು. ಮೊಣಕೈವರೆಗೂ ಕೈ ಅದರ ಬೆನ್ನಿನೊಳಗೆ ಹೋಗಿತ್ತು. ಏನನ್ನೋ ತೆಗೆದು, ಸೆರಗಿನಲ್ಲಿ ಸುತ್ತಿಕೊಂಡು, ಸರಸರ ಅಡುಗೆಮನೆ ಕಡೆ ಹೋದಳು.

ಹೊನ್ನೇಶ ಅಲ್ಲೇ ನಿಂತುಬಿಟ್ಟ.

ಮಂಗಳವಾರವೂ ಅದೇ. ಬುಧವಾರವೂ ಅದೇ.

ಗುರುವಾರ ಸೀಮೆಸುಣ್ಣ ತಂದು ನಾಲ್ಕೂ ಗುಂಡಿಗಳ ಪಕ್ಕ ಸಣ್ಣ ಚುಕ್ಕಿ ಇಟ್ಟ. ಕಳ್ಳಿ ಸಿಕ್ಕಿಬೀಳಲಿ ಅಂತ. ಶುಕ್ರವಾರ ನೋಡಿದರೆ ಗುಂಡಿಗಳು ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸಮಾಧಾನ ಮಾಡಿಕೊಳ್ಳುತ್ತಿದ್ದರು. ನಮ್ಮ ಹೊನ್ನೇಶ ಏನಂದುಕೊಂಡ ಗೊತ್ತಾ? ಅಬ್ಬಾ, ಎಂಥ ಕಿಲಾಡಿ! ಚುಕ್ಕಿ ನೋಡಿ ಸರಿಯಾಗಿ ಅಲ್ಲಿಗೇ ತಂದು ನಿಲ್ಲಿಸಿದ್ದಾಳೆ! ಒಳಗಿನ ವೈರಿಗೇ ಏನೋ ಮಾಡ್ತಿದ್ದಾಳೆ!

ಪೆಟ್ಟಿಗೆಗೆ ಮೂಗು ಹತ್ತಿರ ತಂದ. ಏನೋ ಘಾಟು ಬರುತ್ತಿತ್ತು. ವೈರ್ ಸುಟ್ಟ ವಾಸನೆ ಅಂತ ತೀರ್ಮಾನ ಮಾಡಿದ.

ಮೇಷ್ಟ್ರ ಹತ್ತಿರ ಹೋದ. "ಗುರುಗಳೇ, ಈ ಮನೇಲಿ ಯಾರಾದರೂ ನನಗೆ ಮೋಸ ಮಾಡ್ತಿದ್ರೆ?"

"ಯಾರ ಮೇಲೆ ಅನುಮಾನ?"

"ಹೆಸರು ಬೇಡ."

"ಅವರನ್ನೇ ಕೇಳಿದ್ಯಾ?"

"ಕೇಳಿದ್ರೆ ಸುಳ್ಳು ಹೇಳ್ತಾರೆ."

"ಅದೂ ನಿನಗೆ ಮೊದಲೇ ಗೊತ್ತು," ಅಂದರು ಮೇಷ್ಟ್ರು. ಎದ್ದು ಗಿಡಕ್ಕೆ ನೀರು ಹಾಕಲು ಹೋದರು.

ಭಾನುವಾರ ಬಂತು. ಮೋಡ ಕವಿದು ಗಾಳಿಯೆಲ್ಲ ತೇವವಾಗಿತ್ತು. ಲೂರ್ದು ಬೆಳಗಿನ ಪೂಜೆ ಮುಗಿಸಿಕೊಂಡು ಬಂದಳು. ಮೇಷ್ಟ್ರು ಹೊಳೆ ಕಡೆ ಮುಖ ಮಾಡಿ ಕುಳಿತರು.

ಹೊನ್ನೇಶ ವೈರ್ ಚುಚ್ಚಿದ. ಗುಂಡಿಗಳನ್ನು ಚುಕ್ಕಿಗೆ ಸರಿಯಾಗಿ ನಿಲ್ಲಿಸಿದ. ನುಡಿಸತೊಡಗಿದ.

ಸದ್ದು ಮಂಕಾಗಿ ಬಂತು. ಗಟ್ಟಿಯಾಗಿ ಮೀಟಿದ, ಒಂದು ಸ್ವರ ಒಡೆಯಿತು. ಲೂರ್ದು ಕಡೆ ನೋಡಿದ, ಅವಳು ಕೆಳಗೆ ನೋಡುತ್ತಿದ್ದಳು. ಮತ್ತೆ ನುಡಿಸಿದ, ಎಡಗೈ ಬೆರಳು ಜಾರಿತು. ಇನ್ನೊಮ್ಮೆ ಅವಳ ಕಡೆ ನೋಡಿದ. ತಾಳವೂ ತಪ್ಪಿತು.

"ಇವಳೇ!" ಅಂತ ಕಿರುಚಿದ. "ಗುರುಗಳೇ, ಇವಳೇ ಮಾಡಿದ್ದು! ಪೆಟ್ಟಿಗೆ ಕೆಡಿಸಿದ್ದಾಳೆ! ವಾರದಿಂದ ನೋಡ್ತಿದ್ದೀನಿ, ದಿನಾ ಹಿಂದಿನಿಂದ ಕೈ ಹಾಕ್ತಾಳೆ!"

ಲೂರ್ದು ಮೊದಲು ನಕ್ಕಳು. ಅವನು ತಮಾಷೆ ಮಾಡ್ತಿದ್ದಾನೆ ಅಂದುಕೊಂಡಿರಬೇಕು. ಆಮೇಲೆ ಅವನ ಮುಖ ನೋಡಿದಳು.

"ಅಣ್ಣಾ, ನಾನಾ?"

"ಸೆರಗಲ್ಲಿ ಏನು ಮುಚ್ಚಿಟ್ಕೊಂಡು ಹೋಗ್ತೀಯಾ? ಹೇಳು! ಬಾಸ್ ನಿನಗೇ ಸಿಗಲಿ ಅಂತ ತಾನೇ?"

ಅವಳ ಕಣ್ಣು ತುಂಬಿಬಂತು. ಸಿಟ್ಟೂ ಬಂದಿತ್ತು.

"ಗುರುಗಳೇ, ಬಾಸ್ ಅವರಿಗೇ ಕೊಟ್ಟುಬಿಡಿ. ಕಳ್ಳಿ ಅನ್ನಿಸ್ಕೊಂಡು ನಾನು ಈ ಜಗಲಿ ಹತ್ತಲ್ಲ."

ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಸೇತುವೆ ದಾಟುವ ತನಕ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ಮೇಷ್ಟ್ರು ನಿಧಾನಕ್ಕೆ ಈ ಕಡೆ ತಿರುಗಿದರು. ಹೊನ್ನೇಶ ಬೈಗುಳಕ್ಕೆ ಕಾದ. ಅವರು ಬೈಯಲಿಲ್ಲ.

"ನುಡಿಸೋಕೆ ಇಬ್ಬರಿದ್ರಿ. ಒಬ್ಬಳು ಬಿಟ್ಟುಕೊಟ್ಟಳು. ಬಾಸ್ ನಿಂದಾಯ್ತು."

"ನಂದಾ?"

"ನಿಂದೇ. ಆ ಪೆಟ್ಟಿಗೇನೂ ತಗೊಂಡು ಹೋಗು. ಏನು ಕೆಟ್ಟಿದೆ ಅಂತ ಬಿಚ್ಚಿ ನೋಡು ಮೊದಲು."

ಹೊನ್ನೇಶ ಹುರುಪಿನಿಂದ ಪೆಟ್ಟಿಗೆಯನ್ನು ತಿರುಗಿಸಿದ. ಅವಳ ಕಳ್ಳತನ ಈಗ ಬಯಲಾಗುತ್ತೆ ಅಂತ. ಹಿಂದಿನ ಹಲಗೆಗೆ ಸ್ಕ್ರೂ ಕೂಡ ಇರಲಿಲ್ಲ. ಒಂದು ಕಡೆ ಎಳೆದರೆ ಬಾಗಿಲಿನ ಹಾಗೆ ತೆರೆದುಕೊಂಡಿತು.

ಒಳಗೆ ಈರುಳ್ಳಿ ಇತ್ತು.

ಅರ್ಧ ಪೆಟ್ಟಿಗೆ ಈರುಳ್ಳಿ. ಮೇಲ್ಗಡೆ ಉರಿಯುವ ಒಂದು ಸಣ್ಣ ಬಲ್ಬು. ಸ್ಪೀಕರ್ ಇರಬೇಕಾದ ಜಾಗದಲ್ಲಿ ಒಂದು ದುಂಡನೆಯ ತೂತು, ಅದಕ್ಕೆ ಮುಂದಿನಿಂದ ಕರೀ ಬಟ್ಟೆ ಬಿಗಿದಿತ್ತು. ಗುಂಡಿಗಳ ಹಿಂದೆ ಒಂದು ವೈರೂ ಇರಲಿಲ್ಲ.

ಹೊನ್ನೇಶ ಕುಕ್ಕರುಗಾಲಲ್ಲಿ ಕೂತು ಒಂದು ಈರುಳ್ಳಿ ಹೊರಗೆ ತೆಗೆದು ನೋಡಿದ.

"ಗುರುಗಳೇ, ದೀಪ ಉರೀತಿತ್ತಲ್ಲ?"

"ಹೊಳೆ ಪಕ್ಕದ ಮನೆ, ಥಂಡಿ. ಬಲ್ಬಿನ ಬಿಸಿಗೆ ಈರುಳ್ಳಿ ಕೊಳೆಯಲ್ಲ."

"ಲೂರ್ದು ದಿನಾ..."

"ನನ್ನ ಭುಜ ಏಳಲ್ಲ. ಸಾರು ಅವಳೇ ಮಾಡಿಟ್ಟು ಹೋಗ್ತಿದ್ಲು. ನೀನೂ ಉಂಡಿದ್ದೀಯ."

ಉಂಡಿದ್ದ. ಚೆನ್ನಾಗಿದೆ ಅಂತ ಎರಡು ಸಲ ಬಡಿಸಿಕೊಂಡೂ ಇದ್ದ.

"ಮತ್ತೆ ನಾನು ಗುಂಡಿ ತಿರುಗಿಸಿದಾಗೆಲ್ಲ ಸದ್ದು ಬದಲಾಗ್ತಿತ್ತು. ನನ್ನ ಕಿವೀಲಿ ಕೇಳಿದ್ದೀನಿ. ಅದೇನು?"

"ನಿನ್ನ ಕೈ. ಗುಂಡಿ ತಿರುಗಿಸಿದ ಮೇಲೆ ಧೈರ್ಯವಾಗಿ ಮೀಟ್ತಿದ್ದೆ. ಇವತ್ತು ಅವಳನ್ನ ನೋಡ್ಕೊಂಡು ಮೀಟಿದೆ."

ಹೊನ್ನೇಶ ಎದ್ದು ನಿಂತ. ನಾಚಿಕೆಯಿಂದ ಮುಖ ಸುಡುತ್ತಿತ್ತು. ಎದುರಿಗೆ ದೊಡ್ಡ ಬಾಸ್ ಇತ್ತು. ಅವನದೇ ಈಗ. ಯಾರೂ ಕೇಳುವವರಿಲ್ಲ.

ಅದನ್ನು ಮುಟ್ಟಲು ಹೋದರೆ ಕೈ ಬರಲಿಲ್ಲ ಅಂತ ಅವನು ನನಗೆ ಹೇಳಿದ.

"ಗುರುಗಳೇ, ಬಾಸ್ ನಂದೇ ಅಂದ್ರಲ್ಲ. ನಾನು ಇದನ್ನ ಯಾರಿಗೆ ಬೇಕಾದ್ರೂ ಕೊಡಬಹುದಾ?"

"ನಿಂದು. ನನ್ನ ಕೇಳಬೇಡ."

ಹೊನ್ನೇಶ ಬಾಸನ್ನು ಎತ್ತಿ ಬೆನ್ನ ಮೇಲೆ ಹಾಕಿಕೊಂಡ. ಬಗ್ಗಿಕೊಂಡೇ ಸೇತುವೆ ದಾಟಿದ. ದಾರಿಯಲ್ಲಿ ಜನ ನಿಂತು ನೋಡಿದರು. ಎರಡು ಕಡೆ ಇಳಿಸಿ ಸುಧಾರಿಸಿಕೊಂಡ. ಹನಿ ಬೀಳಬಹುದೆಂದು ತನ್ನ ಅಂಗಿ ಬಿಚ್ಚಿ ಅದರ ಕತ್ತಿಗೆ ಸುತ್ತಿದ.

ಲೂರ್ದು ಮನೆಯ ಬಾಗಿಲು ತಟ್ಟಿದ. ಅವಳು ತೆರೆದಳು. ಕಣ್ಣು ಊದಿಕೊಂಡಿತ್ತು.

"ಪೆಟ್ಟಿಗೆ ಬಿಚ್ಚಿ ನೋಡಿದೆ," ಅಂದ ಹೊನ್ನೇಶ. "ನಾನು ಮಾಡಿದ್ದು ಪಾಪ ಕಣಮ್ಮಾ. ತಪ್ಪಾಯ್ತು. ಇದು ನಿಂದು."

ಲೂರ್ದು ಅವನನ್ನೂ ಬಾಸನ್ನೂ ನೋಡಿದಳು. ಸಿಡಿಮಿಡಿಯಿಂದಲೇ ಮಾತಾಡಿದಳು.

"ನಮ್ಮ ಬಾಗಿಲು ಗಿಡ್ಡ. ಓರೆ ಮಾಡಿ ತನ್ನಿ. ಕತ್ತು ತಗುಲೀತು, ಹುಷಾರು."

ಒಳಗೆ ತಂದು ಮೂಲೆಯಲ್ಲಿ ನಿಲ್ಲಿಸಿದ. ಅವಳು ಬಟ್ಟೆ ತಂದು ತಂತಿಗಳನ್ನು ಒಂದೊಂದಾಗಿ ಒರೆಸಿದಳು. ಕೂತುಕೊಳ್ಳಿ ಅನ್ನಲಿಲ್ಲ.

ಹೊನ್ನೇಶ ಹೊರಟ. ಅವನು ಬೀದಿಗೆ ಇಳಿದಮೇಲೆ ಹಿಂದಿನಿಂದ ಅವಳ ದನಿ ಬಂತು.

"ಬೆರಳಿನ ಗಟ್ಟಿ ಹೋಗೋಕೆ ಬಿಡಬೇಡಿ. ಬುಧವಾರ ಬಂದು ನುಡಿಸಿ. ವೈರ್ ತರಬೇಡಿ."

ಅವನು ವಾಪಸ್ಸು ಬಂದಾಗ ಮಧ್ಯಾಹ್ನವಾಗಿತ್ತು. ಮೇಷ್ಟ್ರು ಜಗಲಿಯಲ್ಲಿ ಕೂತು ಎಡಗೈಯಲ್ಲೇ ಒಂದು ಈರುಳ್ಳಿ ಸಿಪ್ಪೆ ಬಿಡಿಸಲು ಹೆಣಗುತ್ತಿದ್ದರು. ಹೊನ್ನೇಶ ಅದನ್ನು ಅವರ ಕೈಯಿಂದ ತೆಗೆದುಕೊಂಡ. ಎದುರಿಗೆ ಕೂತು ಬಿಡಿಸಿದ. ಬಾಸ್ ಇದ್ದ ಜಾಗ ಖಾಲಿ ಹೊಡೆಯುತ್ತಿತ್ತು.

ಒಳಗೊಳಗೇ ಅವನಿಗೆ ಒಂದು ಸಂಕಟ ಉಳಿದಿತ್ತು. ಸಂಕಟ ಏನು, ಅನುಮಾನವೇ ಅನ್ನಿ. ಇಷ್ಟಾದರೂ ಬಿಟ್ಟಿರಲಿಲ್ಲ ಅದು ಅವನನ್ನು. ಈ ಸಲ ಮೇಷ್ಟ್ರ ಮೇಲೆ.

"ಗುರುಗಳೇ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಐದಾರು ತಿಂಗಳು ಆ ಖಾಲಿ ಪೆಟ್ಟಿಗೆ ಮುಂದೆ ಮಂಗನ ಹಾಗೆ ಗುಂಡಿ ತಿರುಗಿಸಿದೆ. ನೀವು ಬಾಗಿಲಲ್ಲಿ ಕೂತು ನೋಡ್ತಾನೇ ಇದ್ರಿ. ಅದರಲ್ಲಿ ಸ್ಪೀಕರ್ ಇಲ್ಲ ಅಂತ ನನಗೆ ಒಂದು ಮಾತು ಯಾಕೆ ಹೇಳಲಿಲ್ಲ?"

ಮೇಷ್ಟ್ರು ಅವನ ಮುಖವನ್ನೇ ನೋಡಿದರು.

"ಲೂರ್ದು ಮೊದಲನೇ ವಾರಾನೇ ಹೇಳಿದ್ಲಲ್ಲಪ್ಪಾ."